ಬೆಂಗಳೂರಿಗೆ ಬಂದಿದ್ದ ಅಮೆರಿಕನ್ ಸಾರ್ಜೆಂಟ್: ಆತನ ಜಾಡು ಹಿಡಿಯುವುದು ಹೇಗೆ?

ಎರಡನೇ ಮಹಾಯುದ್ಧ ಬಿರುಸಾಗಿದ್ದ 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. 84ನೇ ಏರ್ ಡಿಪೊ ಎಂಬ ಹೆಸರಿನಲ್ಲಿ ಅಲ್ಲಿ ಕ್ಯಾಟಲೀನಾ ಮೊದಲಾದ ವಿಮಾನಗಳ ದುರಸ್ತಿ ನಡೆಯಿತು. ಆ ಕಾಲದ ಯಾರೋ ಸಾರ್ಜೆಂಟ್‌ನ ಫೋಟೊ, ಕಾಗದ ಅಥವಾ ಕೊರಳಿನ ಗುರುತಿನ ಬಿಲ್ಲೆ ನಿಮ್ಮ ಕೈಗೆ ಸಿಕ್ಕಿತು ಎಂದುಕೊಳ್ಳಿ. ಆತ ಯಾರು, ಆಮೇಲೆ ಏನಾದ, ಮನೆಯವರು ಎಲ್ಲಿದ್ದಾರೆ ಎಂಬುದನ್ನು ಇಲ್ಲಿ ಕೂತೇ ಬಹುಮಟ್ಟಿಗೆ ಪತ್ತೆ ಮಾಡಬಹುದು.

ಎಲ್ಲರೂ ಮೊದಲು ಹೆಸರಿನ ಬೆನ್ನು ಹತ್ತುತ್ತಾರೆ. ಸ್ಮಿತ್, ಜಾನ್ಸನ್‌ಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಹಿಡಿಯಬೇಕಾದದ್ದು ಸೇನಾ ಸಂಖ್ಯೆಯನ್ನು. ಯುದ್ಧಕಾಲದಲ್ಲಿ ಸೇರಿದವರಿಗೆ ಅದು ಸಾಮಾನ್ಯವಾಗಿ ಎಂಟು ಅಂಕಿಯದು. ಮೊದಲ ಅಂಕಿ 1 ಆಗಿದ್ದರೆ ತಾನಾಗಿ ಸೇರಿದವ, 2 ಆಗಿದ್ದರೆ ರಾಜ್ಯಗಳ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನಿಂದ ಬಂದವ, 3 ಆಗಿದ್ದರೆ ಕಡ್ಡಾಯ ಭರ್ತಿಯವ. ಎರಡನೇ ಅಂಕಿ ಸೇರಿದ ಪ್ರದೇಶವನ್ನು ಹೇಳುತ್ತದೆ. 32 ಎಂದು ಶುರುವಾದರೆ ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯಿಂದ ಭರ್ತಿಯಾದವನು. ಬಿಲ್ಲೆಯ ಮೇಲಿನ 'ಟಿ43' ಧನುರ್ವಾಯು ಚುಚ್ಚುಮದ್ದು ಹಾಕಿದ ವರ್ಷ. ನಿಮ್ಮ ಅದೃಷ್ಟಕ್ಕೆ ಬಿಲ್ಲೆ 1941ರ ನವೆಂಬರ್‌ನಿಂದ 1943ರ ಜುಲೈ ನಡುವಿನದಾಗಿದ್ದರೆ, ಹತ್ತಿರದ ಬಂಧುವಿನ ಹೆಸರು ಮತ್ತು ವಿಳಾಸವೇ ಅದರ ಮೇಲೆ ಅಚ್ಚಾಗಿರುತ್ತದೆ! ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ತೋಳಿನ ಪಟ್ಟಿಯನ್ನೂ ಸರಿಯಾಗಿ ನೋಡಿ. ಮೂರು ಪಟ್ಟಿಯ ಕೆಳಗೆ 'ಟಿ' ಅಕ್ಷರವಿದ್ದರೆ ಆತ ನಾಲ್ಕನೇ ದರ್ಜೆಯ ತಂತ್ರಜ್ಞ. ಜೊತೆಯವರು ಸಾರ್ಜೆಂಟ್ ಎಂದೇ ಕರೆಯುತ್ತಿದ್ದರು, ಆದರೆ ದಾಖಲೆಯಲ್ಲಿ ಬೇರೆ ಪದವಿ ಇರುತ್ತದೆ. ಇದು ಗೊತ್ತಿಲ್ಲದೆ ಸರಿಯಾದ ಮನುಷ್ಯನನ್ನೇ 'ಇವನಲ್ಲ' ಎಂದು ಬಿಟ್ಟುಬಿಡುವ ಅಪಾಯವಿದೆ.

ಮುಂದಿನ ಹೆಜ್ಜೆ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಅಂತರ್ಜಾಲ ಕೋಶ. ಸುಮಾರು 90 ಲಕ್ಷ ಸೇನಾ ಭರ್ತಿ ದಾಖಲೆಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಹುಟ್ಟಿದ ವರ್ಷ, ಊರಿನ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಓದು, ಮೊದಲು ಮಾಡುತ್ತಿದ್ದ ಕೆಲಸ, ಮದುವೆಯಾಗಿತ್ತೇ ಎಂಬುದೆಲ್ಲ ಇರುತ್ತದೆ. ತೂತು ಕೊರೆದು ಮಾಹಿತಿ ದಾಖಲಿಸುತ್ತಿದ್ದ ಹಳೆಯ ಪಂಚ್ ಕಾರ್ಡ್‌ಗಳ ಮೈಕ್ರೊಫಿಲ್ಮ್ ಅನ್ನು ಯಂತ್ರ ಓದಿ ತಯಾರಿಸಿದ್ದರಿಂದ ಹೆಸರುಗಳ ಕಾಗುಣಿತ ಬೇಕಾದಷ್ಟು ಕೆಟ್ಟಿದೆ. ಸಂಖ್ಯೆ ಹಾಕಿ ಹುಡುಕಿ ಎನ್ನುವುದು ಇದಕ್ಕೇ.

ಕಡತ ಸುಟ್ಟಿದ್ದರೆ?

ಸೈನಿಕರ ವೈಯಕ್ತಿಕ ಕಡತಗಳಿರುವುದು ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದಲ್ಲಿ. ಸೇನೆ ಬಿಟ್ಟು 62 ವರ್ಷ ದಾಟಿದವರ ಕಡತವನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ತರಿಸಿಕೊಳ್ಳಬಹುದು. ಆದರೆ 1973ರ ಜುಲೈ 12ರಂದು ಅಲ್ಲಿ ಬೆಂಕಿ ಬಿತ್ತು. 1912ರ ನವೆಂಬರ್‌ನಿಂದ 1960ರ ಜನವರಿ ನಡುವೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇ 80ರಷ್ಟು ಹೋದವು. ನಕಲು ಇರಲಿಲ್ಲ. ವಾಯುಪಡೆ ಆಗ ಭೂಸೇನೆಯ ಭಾಗವೇ ಆಗಿದ್ದರಿಂದ ಬೆಂಗಳೂರಿನ ಸಾರ್ಜೆಂಟ್‌ನ ಕಡತವೂ ಬೂದಿಯಾಗಿರುವ ಸಾಧ್ಯತೆಯೇ ಹೆಚ್ಚು. 'ಕಡತ ಲಭ್ಯವಿಲ್ಲ' ಎಂಬ ಉತ್ತರ ಬಂದರೆ ಅಲ್ಲಿಗೇ ಕೈಚೆಲ್ಲುವವರು ಬಹಳ. ನನ್ನ ಪ್ರಕಾರ ನಿಜವಾದ ಹುಡುಕಾಟ ಶುರುವಾಗುವುದೇ ಆಮೇಲೆ.

ಬೆಂಕಿಗೆ ಸಿಗದ ಕಾಗದಗಳನ್ನು ಕೇಳಿ. ಕೊನೆಯ ಸಂಬಳದ ವೋಚರ್ ಒಂದು; ಅದರಲ್ಲಿ ಬಿಡುಗಡೆಯ ದಿನಾಂಕವೂ ಮನೆಯ ವಿಳಾಸವೂ ಇರುತ್ತವೆ. ಇನ್ನೊಂದು, ತುಕಡಿಯ ದಿನವಹಿ ವರದಿ. ಇದರ ಸ್ವಭಾವ ತಿಳಿದಿರಬೇಕು: ಸುಮ್ಮನೆ ಕೆಲಸಕ್ಕೆ ಬಂದವನ ಹೆಸರು ಇದರಲ್ಲಿರುವುದಿಲ್ಲ. ಬಂದವ, ಹೋದವ, ಆಸ್ಪತ್ರೆ ಸೇರಿದವ, ಬಡ್ತಿ ಪಡೆದವ, ಹೇಳದೆ ಕೇಳದೆ ನಾಪತ್ತೆಯಾದವ ಮಾತ್ರ ಸಿಗುತ್ತಾರೆ. ಮೂರನೆಯದು ಬಿಡುಗಡೆ ಪತ್ರ. ಊರಿಗೆ ಮರಳಿದ ಅನೇಕರು ಅದನ್ನು ತಮ್ಮ ಕೌಂಟಿ ಕಚೇರಿಯಲ್ಲಿ ನೋಂದಾಯಿಸುತ್ತಿದ್ದರು. ಹಡಗು ಹತ್ತಿದ ತಾರೀಖಿನಿಂದ ಪದಕಗಳವರೆಗೆ ಎಲ್ಲವೂ ಅದರಲ್ಲಿ ಇರುತ್ತದೆ. ಕೆಲವು ರಾಜ್ಯಗಳು ಅದನ್ನು ಹೊರಗಿನವರಿಗೆ ಕೊಡುವುದಿಲ್ಲ.

ಆತ ಇಲ್ಲೇ ಸತ್ತಿದ್ದರೂ ಸಮಾಧಿಯನ್ನು ಇಲ್ಲಿ ಹುಡುಕಬೇಡಿ. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಹೂತಿದ್ದ ಅಮೆರಿಕನ್ನರ ಅವಶೇಷಗಳನ್ನು ತೆಗೆದು ತವರಿಗೋ ಹವಾಯಿಯ ಸೇನಾ ಸ್ಮಶಾನಕ್ಕೋ ಸಾಗಿಸಲಾಯಿತು.

ಮನೆಯವರು

ಕುಟುಂಬದ ಎಳೆಗೆ ಕಡ್ಡಾಯ ಭರ್ತಿಯ ನೋಂದಣಿ ಚೀಟಿಗಿಂತ ಒಳ್ಳೆಯ ಕಾಗದ ಇಲ್ಲ. 'ನಿಮ್ಮ ವಿಳಾಸ ಯಾವಾಗಲೂ ಗೊತ್ತಿರುವ ವ್ಯಕ್ತಿ ಯಾರು' ಎಂಬ ಪ್ರಶ್ನೆಗೆ ಹುಡುಗರು ಅಮ್ಮನ, ಹೆಂಡತಿಯ ಅಥವಾ ಕೆಲಸ ಕೊಟ್ಟವನ ಹೆಸರು ಬರೆದಿರುತ್ತಾರೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆದರೆ ಇವು ಉಚಿತ. ಆ ಹೆಸರು ಹಿಡಿದು ಜನಗಣತಿಗೆ ಹೋಗಿ. ಅಲ್ಲಿ ಜನಗಣತಿಯ ಹಾಳೆಗಳು 72 ವರ್ಷ ಗುಪ್ತವಾಗಿರುತ್ತವೆ. 1950ರದು 2022ರ ಏಪ್ರಿಲ್‌ನಲ್ಲಿ ಹೊರಬಂತು. 1940ರದರಲ್ಲಿ ಅಪ್ಪ, ಅಮ್ಮ, ತಂಗಿಯರ ಜೊತೆ ಇದ್ದವನು 1950ರದರಲ್ಲಿ ಹೆಂಡತಿ ಮಕ್ಕಳ ಜೊತೆ ಕಾಣಿಸಿಕೊಳ್ಳುತ್ತಾನೆ.

1950ರ ನಂತರದ ದಾರಿ ಪತ್ರಿಕೆಗಳ ನಿಧನವಾರ್ತೆ. ಮದುವೆಯಾದ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗುವುದರಿಂದ ಎಳೆ ಹೆಚ್ಚಾಗಿ ಅಲ್ಲೇ ಕಡಿಯುತ್ತದೆ; ಅದನ್ನು ಮತ್ತೆ ಜೋಡಿಸುವುದು ಇದೇ ವಾರ್ತೆ. ಸಾರ್ಜೆಂಟ್‌ನದು ಸಿಗದಿದ್ದರೆ ಆತನ ತಂಗಿಯದನ್ನೋ ಹೆಂಡತಿಯದನ್ನೋ ಹುಡುಕಿ. ಅಗಲಿದವರಿಗೆ ಯಾರು ಯಾರಿದ್ದಾರೆ, ಯಾವ ಊರಿನಲ್ಲಿದ್ದಾರೆ ಎಂಬ ಪಟ್ಟಿ ಕೊನೆಯ ಸಾಲುಗಳಲ್ಲಿರುತ್ತದೆ.

ಬದುಕಿರುವ ಬಂಧು ಸಿಕ್ಕಿದ ಕೂಡಲೇ ಫೇಸ್‌ಬುಕ್‌ನಲ್ಲಿ ಹೆಸರು ಹಾಕಿ ಕರೆಯಬೇಡಿ. ಕಾಗದ ಬರೆಯಿರಿ. ನೀವು ಯಾರು, ವಸ್ತು ಹೇಗೆ ಸಿಕ್ಕಿತು, ಹಣ ಬೇಡ ಎಂಬುದನ್ನು ಮೊದಲ ನಾಲ್ಕು ಸಾಲಿನಲ್ಲೇ ಹೇಳಿ, ಫೋಟೊದ ನಕಲನ್ನಷ್ಟೇ ಇಡಿ. ಸುಟ್ಟ ಕಡತ, ಮುಚ್ಚಿಟ್ಟ ಎರಡನೇ ಮದುವೆ, ಶಿಸ್ತುಕ್ರಮ ಇಂಥವು ನಿಮಗೆ ಗೊತ್ತಾಗಿದ್ದರೂ ಮೊದಲ ಕಾಗದದಲ್ಲಿ ಬೇಡ. ಉತ್ತರ ಬಾರದಿದ್ದರೆ ಕೆಲವು ತಿಂಗಳ ನಂತರ ಇನ್ನೊಮ್ಮೆ ಬರೆಯಿರಿ. ಆಗಲೂ ಮೌನವಾದರೆ ಆತನ ಊರಿನ ಇತಿಹಾಸ ಸಂಘಕ್ಕೆ ಪ್ರತಿಗಳನ್ನು ಕಳಿಸಿಕೊಟ್ಟು ಸುಮ್ಮನಾಗಿ.