ಡಿಜಿಟಲ್ ಪಿಯಾನೋ ಜರ್ರೆನ್ನುತ್ತಿದೆಯಾ? ಮೊದಲು ಜಾಗ ಹುಡುಕಿ

ಮನೆಯ ಡಿಜಿಟಲ್ ಪಿಯಾನೋದಲ್ಲಿ ಒಂದೆರಡು ಕೀ ಒತ್ತಿದಾಗ ಮಾತ್ರ ಜರ್ರೆಂದು ಸದ್ದು ಬರುತ್ತದೆ, ಉಳಿದ ಕೀಗಳೆಲ್ಲ ಚೆನ್ನಾಗೇ ಇರುತ್ತವೆ. ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು: 'ಸ್ಪೀಕರ್ ಹೋಯ್ತು.' ಅವಸರ ಮಾಡಬೇಡಿ. ಒಂದೆರಡು ಕೀಗಷ್ಟೇ ಸದ್ದು ಬರುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಸ್ಪೀಕರ್ ಮೇಲಲ್ಲ. ಎಲ್ಲೋ ಸಡಿಲವಾಗಿರುವ ಸ್ಕ್ರೂ, ಹಲಗೆ ಅಥವಾ ಪಿಯಾನೋ ಮೇಲೆ ಇಟ್ಟಿರುವ ಯಾವುದಾದರೂ ವಸ್ತುವಿನ ಮೇಲೆ.

ಒಂದೇ ಸ್ವರಕ್ಕೆ ಯಾಕೆ ಹೀಗಾಗುತ್ತದೆ ಅಂತ ತಿಳಿದುಕೊಂಡರೆ ಹುಡುಕುವುದು ಸುಲಭ. ಪ್ರತಿ ಸ್ವರಕ್ಕೂ ಸೆಕೆಂಡಿಗೆ ಇಷ್ಟು ಸಲ ಅಂತ ಅದುರುವ ಲೆಕ್ಕ ಇದೆ. ನಡು ಸಿ (ಕೀಗಳ ಸಾಲಿನ ನಡುವೆ ಸಿಗುವ ಸಿ ಸ್ವರ) ಆದ ಮೇಲೆ ಸಿಗುವ ಎ ಸ್ವರಕ್ಕೆ 440, 88 ಕೀಗಳ ಪಿಯಾನೋದ ಎಡತುದಿಯ ಕೀಗೆ ಬರೀ 27.5. ಮನೆಯಲ್ಲಿರುವ ಹಲಗೆ, ತಗಡು, ಗಾಜು ಎಲ್ಲಕ್ಕೂ ತಮಗೆ ಒಗ್ಗುವ ಲೆಕ್ಕಗಳು ಇರುತ್ತವೆ. ಎರಡೂ ಹೊಂದಿಕೊಂಡ ಕೂಡಲೇ ಆ ವಸ್ತು ತಾನೂ ಅದುರಲು ಶುರು ಮಾಡುತ್ತದೆ. ಇನ್ನೊಂದು ವಿಷಯ. ಒಂದು ಸ್ವರದೊಳಗೆ ಅದರ ಎರಡರಷ್ಟು, ಮೂರರಷ್ಟು ವೇಗದ ಅದುರುವಿಕೆಯೂ ಸೇರಿರುತ್ತದೆ. ಹಾಗಾಗಿ 130ರ ಹತ್ತಿರ ಅದುರುವ ಹಲಗೆ 65ರ ಕೀ ಒತ್ತಿದರೂ ಜರ್ರೆನ್ನಬಹುದು. ಒಂದು ಕೀಗೂ ಅದರ ಕೆಳಗಿನ ಆಕ್ಟೇವ್‌ನ (ಹನ್ನೆರಡು ಕೀ ಎಡಕ್ಕಿರುವ) ಅದೇ ಕೀಗೂ ಸದ್ದು ಬಂದರೆ ತೊಂದರೆ ಎರಡು ಅಂತ ಗಾಬರಿಯಾಗಬೇಡಿ, ಮೂಲ ಒಂದೇ ಇರಬಹುದು.

ಮೊದಲು ಹೆಡ್‌ಫೋನ್ ಹಾಕಿಕೊಂಡು ಅದೇ ಕೀ ಒತ್ತಿ. ಸದ್ದು ಮಾಯವಾದರೆ ತೊಂದರೆ ಸ್ಪೀಕರ್, ಪೆಟ್ಟಿಗೆ ಅಥವಾ ಕೋಣೆಯಲ್ಲಿದೆ. ಹೆಡ್‌ಫೋನಿನಲ್ಲೂ ಕೇಳಿಸಿದರೆ ಅದು ಪಿಯಾನೋದ ದನಿಯಲ್ಲೇ ಸೇರಿಕೊಂಡಿರುವುದು. ಈಗಿನ ಎಷ್ಟೋ ಪಿಯಾನೋಗಳಲ್ಲಿ ನಿಜವಾದ ತಂತಿಗಳು ಒಂದಕ್ಕೊಂದು ಮಿಡಿಯುವ ಸದ್ದನ್ನು ಬೇಕಂತಲೇ ಸೇರಿಸಿರುತ್ತಾರೆ. ಸೆಟ್ಟಿಂಗ್‌ನಲ್ಲಿ ಸ್ಟ್ರಿಂಗ್ ರೆಸೊನೆನ್ಸ್, ಡ್ಯಾಂಪರ್ ರೆಸೊನೆನ್ಸ್ ಅಂತ ಇದ್ದರೆ ಕಡಿಮೆ ಮಾಡಿ ನೋಡಿ. ಅಷ್ಟಕ್ಕೇ ಸರಿಹೋದರೆ ಯಾವ ಸ್ಕ್ರೂವನ್ನೂ ಮುಟ್ಟಬೇಕಾಗಿಲ್ಲ.

ಹೆಡ್‌ಫೋನಿನಲ್ಲಿ ಇಲ್ಲ ಅಂತಾದರೆ ಇನ್ನೊಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಟ್ರಾನ್ಸ್‌ಪೋಸ್ ಬಟನ್ನಿನಿಂದ ಸ್ವರವನ್ನು ಒಂದು ಮನೆ ಮೇಲಕ್ಕೆ ಏರಿಸಿ. ಈಗ ಸದ್ದು ಎಡಗಡೆಯ ಪಕ್ಕದ ಕೀಗೆ (ಕಪ್ಪು ಕೀಯೂ ಲೆಕ್ಕಕ್ಕೆ) ಹೋಯಿತಾ? ಹಾಗಾದರೆ ಅದು ಸ್ವರವನ್ನು ಹಿಂಬಾಲಿಸುತ್ತಿದೆ, ಎಲ್ಲೋ ಏನೋ ಅದುರುತ್ತಿದೆ. ಹಳೇ ಕೀಯಲ್ಲೇ ಉಳಿಯಿತಾ? ಹಾಗಾದರೆ ಕೀಯ ಒಳಗಿನ ಭಾಗವೇ ಸಡಿಲವಾಗಿದೆ. ವಾಲ್ಯೂಮ್ ಪೂರ್ತಿ ಇಳಿಸಿ ಅದೇ ಕೀ ಒತ್ತಿದರೂ ಟಕ್ಕೆಂದೋ ಜರ್ರೆಂದೋ ಕೇಳಿಸುತ್ತದೆ. ಅದು ರಿಪೇರಿಯವರ ಕೆಲಸ, ನೀವು ಮುಂದಕ್ಕೆ ಹೋಗಬೇಡಿ.

ಸ್ವರವನ್ನು ಹಿಂಬಾಲಿಸುವ ಸದ್ದಾದರೆ ಹುಡುಕುವುದಕ್ಕೆ ಕಿವಿಯನ್ನು ಜಾಸ್ತಿ ನಂಬಬೇಡಿ. ಬಲಗಡೆಯಿಂದ ಬಂದಂತೆ ಕೇಳಿಸುತ್ತದೆ, ಮೂಲ ಎಡಗಡೆ ಇರುತ್ತದೆ. ಕೈಯೇ ವಾಸಿ. ಪಿಯಾನೋದ ದನಿ ಬೇಗ ಸತ್ತುಹೋಗುವುದರಿಂದ ಆರ್ಗನ್ ದನಿಗೆ ಬದಲಾಯಿಸಿಕೊಳ್ಳಿ, ಅದು ಒತ್ತಿದಷ್ಟು ಹೊತ್ತೂ ನಿಲ್ಲುತ್ತದೆ. ಒಬ್ಬರು ಆ ಕೀ ಒತ್ತಿ ಹಿಡಿದಿರಲಿ. ಇನ್ನೊಬ್ಬರು ಅಂಗೈಯಿಂದ ಒಂದೊಂದೇ ಭಾಗವನ್ನು ಮೆಲ್ಲಗೆ ಅದುಮುತ್ತಾ ಹೋಗಲಿ. ಹಾಳೆ ಇಡುವ ಸ್ಟ್ಯಾಂಡ್, ಕೀ ಮುಚ್ಚುವ ಹಲಗೆ, ಸ್ಪೀಕರ್ ಮೇಲಿನ ಜಾಲರಿ, ಹಿಂದಿನ ತೆಳು ಹಲಗೆ, ಕಾಲುಗಳು. ಎಲ್ಲಿ ಅದುಮಿದಾಗ ಸದ್ದು ಥಟ್ಟನೆ ನಿಲ್ಲುತ್ತದೋ ಅದೇ ಜಾಗ. ಬೆರಳು ತೆಗೆದರೆ ಮತ್ತೆ ಶುರು, ಇಟ್ಟರೆ ನಿಶ್ಶಬ್ದ. ಅಲ್ಲೊಂದು ಪೆನ್ಸಿಲ್ ಗುರುತು ಹಾಕಿಬಿಡಿ. ಇದಕ್ಕೂ ಮೊದಲು ಪಿಯಾನೋ ಮೇಲಿರುವ ಫೋಟೋ, ಪೆನ್ನು, ರಿಮೋಟ್, ಹೂದಾನಿ ಎಲ್ಲ ಕೆಳಗಿಳಿಸಿ. ಕೋಣೆಯ ಕಿಟಕಿ ಗಾಜು, ಗೋಡೆಯ ಚಿತ್ರದ ಚೌಕಟ್ಟು, ಕಪಾಟಿನ ಗಾಜಿನ ಬಾಗಿಲು ಇವನ್ನೂ ಒತ್ತಿ ನೋಡಿ. ಪಿಯಾನೋಗೆ ಬೈಯುತ್ತಿರುತ್ತೇವೆ, ಜರ್ರೆನ್ನುತ್ತಿರುವುದು ಎದುರಿನ ಕಪಾಟು!

ಜಾಗ ಸಿಕ್ಕ ಮೇಲೆ ಉಪಾಯ ಚಿಕ್ಕದು. ಹಾಳೆ ಸ್ಟ್ಯಾಂಡ್ ಕೂರುವ ಸಂದಿಯಲ್ಲಿ ಫೆಲ್ಟ್ ಬಟ್ಟೆಯ ತೆಳು ಪಟ್ಟಿ ಅಂಟಿಸಿದರೆ ಸಾಕು. ಕೀ ಮುಚ್ಚುವ ಹಲಗೆ ತಾಗುವ ಕಡೆಗೂ ಅದೇ. ಜಾಲರಿಯ ಅಂಚು ಅದುರಿದರೆ ಸಣ್ಣ ಫೋಮ್ ಟೇಪ್ ತುಂಡು ಸಿಕ್ಕಿಸಿ, ಆದರೆ ಜಾಲರಿಯ ತೂತುಗಳನ್ನು ಮುಚ್ಚಬೇಡಿ. ಹಿಂದಿನ ಹಲಗೆ ಅದುರುತ್ತಿದ್ದರೆ ಅದರ ಸುತ್ತಲ ಸ್ಕ್ರೂಗಳನ್ನು ಬಿಗಿ ಮಾಡಿ. ಇಲ್ಲಿ ಮಾತ್ರ ಜೋಪಾನ. ಈ ಪೆಟ್ಟಿಗೆಗಳೆಲ್ಲ ಹೆಚ್ಚಾಗಿ ಮರದ ಪುಡಿ ಒತ್ತಿ ಮಾಡಿದ ಹಲಗೆಯವು. ಸ್ಕ್ರೂ ಬಿಗಿಯಾದ ಮೇಲೂ ತಿರುಗಿಸುತ್ತಾ ಹೋದರೆ ಒಳಗಿನ ಹಿಡಿತ ಪುಡಿಪುಡಿಯಾಗಿ ಸ್ಕ್ರೂ ಸುಮ್ನೆ ಸುತ್ತುತ್ತದೆ. ಹಾಗೆ ಆಗಲೇ ಆಗಿದ್ದರೆ ಬೆಂಕಿಕಡ್ಡಿಯ ತಲೆ ಮುರಿದು, ಕಡ್ಡಿಗೆ ಮರಗೆಲಸದ ಅಂಟು ಹಚ್ಚಿ ತೂತಿಗೆ ತುಂಬಿಸಿ. ಒಂದು ದಿನ ಒಣಗಲು ಬಿಟ್ಟು ಮತ್ತೆ ಸ್ಕ್ರೂ ಹಾಕಿ, ಗಟ್ಟಿಯಾಗಿ ಕೂರುತ್ತದೆ.

ಪೆಟ್ಟಿಗೆ ಮಾದರಿಯ ಪಿಯಾನೋ ಆದರೆ ಪೆಡಲ್ ಹಲಗೆಯ ಕೆಳಗೆ ಬಗ್ಗಿ ನೋಡುವುದನ್ನು ಮರೆಯಬೇಡಿ. ಎಷ್ಟೋ ಮಾದರಿಗಳಲ್ಲಿ ಅಲ್ಲೊಂದು ತಿರುಗಿಸುವ ಪುಟ್ಟ ಕಾಲು ಇರುತ್ತದೆ. ಅದು ನೆಲಕ್ಕೆ ತಾಗದೆ ತೂಗಾಡುತ್ತಿದ್ದರೆ ಪೆಡಲ್ ಒತ್ತಿದಾಗೆಲ್ಲ ಹಲಗೆ ಕುಣಿಯುತ್ತದೆ. ನೆಲ ಮುಟ್ಟುವವರೆಗೆ ತಿರುಗಿಸಿ, ಆಯಿತು. ಪಿಯಾನೋ ಜಾಗ ಬದಲಿಸಿದಾಗೆಲ್ಲ ಇದನ್ನು ಮತ್ತೆ ನೋಡಬೇಕು.

ಸದ್ದು ಜರ್ರೆನ್ನದೆ, ಬರೀ ಎಡಗಡೆಯ ಸ್ವರಗಳು ಗುಂಯ್ ಅಂತ ಊದಿಕೊಂಡಂತೆ ಕೇಳಿಸಿದರೆ ತಪ್ಪು ಪಿಯಾನೋ ಇಟ್ಟ ಜಾಗದ್ದು. ಮೂಲೆಯಲ್ಲಿ, ಗೋಡೆಗೆ ಒತ್ತಿ ಇಟ್ಟರೆ ದಪ್ಪ ದನಿ ಜಾಸ್ತಿಯಾಗುತ್ತದೆ. ಮೂಲೆ ಬಿಡಿಸಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದು ಕೇಳಿ. ಮೇಜಿನ ಮೇಲೆ ಇಡುವ ಚಪ್ಪಟೆ ಪಿಯಾನೋಗಳಲ್ಲಿ ಕೆಲವಕ್ಕೆ ಸ್ಪೀಕರ್ ಕೆಳಮುಖವಾಗಿರುತ್ತದೆ, ಆಗ ಮೇಜೇ ಡೋಲಿನಂತೆ ಬಡಿಯುತ್ತದೆ. ದಪ್ಪ ರಬ್ಬರ್ ಬಿಲ್ಲೆಗಳನ್ನು ನಾಲ್ಕು ಮೂಲೆಗೆ ಕೊಡಿ, ಇಲ್ಲವೇ ಸರಿಯಾದ ಸ್ಟ್ಯಾಂಡಿಗೆ ಏರಿಸಿ. ಅಷ್ಟಾದರೂ ಉಳಿದರೆ ಸೆಟ್ಟಿಂಗ್‌ನ ಈಕ್ವಲೈಜರ್‌ನಲ್ಲಿ ಬಾಸ್ (ದಪ್ಪ ದನಿ) ಸ್ವಲ್ಪ ಇಳಿಸಿ.

ಯಾವ ಕೀ ಒತ್ತದಿದ್ದರೂ ಒಂದೇ ಸಮ ಗುಂಯ್‌ಗುಡುತ್ತಿದ್ದರೆ ಅದು ಅದುರುವ ಕಥೆಯೇ ಅಲ್ಲ, ಕರೆಂಟಿನದು. ಕಂಪ್ಯೂಟರಿಗೆ ಹೋಗಿರುವ ಯುಎಸ್‌ಬಿ ವೈರು ಕಿತ್ತು ನೋಡಿ, ಅಡಾಪ್ಟರನ್ನು ಬೇರೆ ಪ್ಲಗ್ಗಿಗೆ ಹಾಕಿ ನೋಡಿ.

ಇಷ್ಟೆಲ್ಲ ಆದರೂ ಸದ್ದು ಒಳಗಿನಿಂದಲೇ ಬರುತ್ತಿದ್ದರೆ ಸ್ಪೀಕರಿನ ಸ್ಕ್ರೂ ಸಡಿಲವಾಗಿರಬಹುದು, ಒಳಗಿನ ವೈರು ಹಲಗೆಗೆ ಬಡಿಯುತ್ತಿರಬಹುದು, ಇಲ್ಲವೇ ಸ್ಪೀಕರಿನ ಕಾಗದದ ಅಂಚು ಬಿಟ್ಟಿರಬಹುದು. ಅಂಚು ಬಿಟ್ಟಿದ್ದರೆ ಒಂದೆರಡಲ್ಲ, ತುಂಬಾ ಸ್ವರಗಳು ಒಡೆದಂತೆ ಕೇಳಿಸುತ್ತವೆ, ವಾಲ್ಯೂಮ್ ಏರಿಸಿದಷ್ಟೂ ಹೆಚ್ಚಾಗುತ್ತದೆ. ವಾರಂಟಿ ಇದ್ದರೆ ಪೆಟ್ಟಿಗೆ ಬಿಚ್ಚಲೇಬೇಡಿ. ವಾರಂಟಿ ಮುಗಿದಿದ್ದರೂ, ಅಡಾಪ್ಟರ್ ಇಲ್ಲದೆ ವೈರು ಪ್ಲಗ್ಗಿಗೆ ನೇರವಾಗಿ ಹೋಗುವ ಮಾದರಿಯಾದರೆ ಒಳಗೆ ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ರಿಪೇರಿಯವರನ್ನೇ ಕರೆಸಿ. ಯಾವ ಕೀ, ಯಾವ ದನಿ, ಎಷ್ಟು ವಾಲ್ಯೂಮ್, ಎಲ್ಲಿ ಅದುಮಿದರೆ ನಿಲ್ಲುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ.