ಅಟ್ಟದಿಂದಿಳಿದ ವಾಲ್ವ್ ಆಂಪ್ಲಿಫೈಯರ್: ಏನು ಬದಲಿಸಬೇಕು, ಏನು ಮುಟ್ಟಬಾರದು

ಶಿರಸಿ, ಸಿದ್ದಾಪುರದ ಕಡೆಯ ಮನೆಗಳ ಅಟ್ಟದಲ್ಲಿ, ಕಾರವಾರ, ಅಂಕೋಲೆ, ಕುಮಟಾದಲ್ಲಿ ಹಿಂದೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರ ಹಿಂಗೋಣೆಯಲ್ಲಿ ಹಳೆಯ ವಾಲ್ವ್ (ಕಾಯ್ದು ಕೆಲಸ ಮಾಡುವ ಗಾಜಿನ ಕೊಳವೆ) ಆಂಪ್ಲಿಫೈಯರ್‌ಗಳು ಇನ್ನೂ ಕೂತಿವೆ. ಬಯಲಾಟಕ್ಕೆ, ತೇರಿಗೆ, ಮದುವೆಗೆ ದುಡಿದು ದಣಿದವು. ಅವನ್ನು ಇಳಿಸಿ ದುರಸ್ತಿಗೆ ಕೂತವರು ಮೊದಲು ಹುಡುಕುವುದು ಹೊಸ ವಾಲ್ವನ್ನು. ಆ ಅವಸರ ಬೇಡ. ಇಎಲ್84, ಇಎಲ್34, ಇಸಿಸಿ83 ಎಂಬ ವಾಲ್ವುಗಳು ಇವತ್ತಿಗೂ ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ತಯಾರಾಗುತ್ತವೆ, ದುಡ್ಡು ಕೊಟ್ಟರೆ ಬರುತ್ತವೆ. ಸಿಗದ ಸಾಮಾನು ಟ್ರಾನ್ಸ್‌ಫಾರ್ಮರ್. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವರು ಪವರ್ ಟ್ರಾನ್ಸ್‌ಫಾರ್ಮರನ್ನು ಹೇಗೋ ಸುತ್ತಿಕೊಟ್ಟಾರು. ಪ್ರೈಮರಿ (ಒಳಬರುವ ಬದಿಯ ಸುತ್ತು), ಸೆಕೆಂಡರಿ (ಹೊರಹೋಗುವ ಬದಿಯ ಸುತ್ತು) ಎರಡನ್ನೂ ಪದರ ಪದರವಾಗಿ ಕೂಡಿಸಿ ಸುತ್ತಿದ, ಸ್ಪೀಕರಿಗೆ ದನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸೆಟ್ಟಿನ ಆಯುಷ್ಯ ಮುಗಿದ ಹಾಗೆ. ಆದ್ದರಿಂದ ಯಾವ ಬಿಡಿಭಾಗ ಕೈಗೆತ್ತಿಕೊಂಡರೂ ಕೇಳಿಕೊಳ್ಳಬೇಕಾದದ್ದು ಇಷ್ಟು: ಇದರಿಂದ ಟ್ರಾನ್ಸ್‌ಫಾರ್ಮರಿನ ಹೊರೆ ಇಳಿಯುತ್ತದೋ, ಏರುತ್ತದೋ?

ಒಂದು ಎಚ್ಚರಿಕೆ ಮೊದಲೇ. ಒಳಗೆ 300 ವೋಲ್ಟಿಗೂ ಮಿಕ್ಕಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. 10 ಕಿಲೊಓಮ್, 5 ವ್ಯಾಟ್ ರೆಸಿಸ್ಟರಿಗೆ ಎರಡು ಕ್ಲಿಪ್ ಬೆಸೆದು ಇಟ್ಟುಕೊಳ್ಳಿ. ಮುಟ್ಟುವ ಮೊದಲು ಅದರಿಂದ ಚಾರ್ಜ್ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ. ಮಳೆಗಾಲದ ಥಂಡಿ ನೆಲದ ಮೇಲೆ ಬರಿಗಾಲಲ್ಲಿ ಈ ಕೆಲಸ ಬೇಡವೇ ಬೇಡ. ಮೈನ್ಸ್ ವೈರಿಂಗಿನಲ್ಲಿ ಕೈ ಪಳಗದವರು ಪಳಗಿದವರನ್ನು ಜೊತೆಗೆ ಕೂರಿಸಿಕೊಳ್ಳಿ.

ಒಣಗಿಸಿ, ಆಮೇಲೆ ಕರೆಂಟು

ನಮ್ಮ ಹವೆಯಲ್ಲಿ ವರ್ಷಗಟ್ಟಲೆ ಬಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಿದರೆ ತೇವ ಕುಡಿದ ಸುತ್ತು ಅಲ್ಲೇ ಕಿಡಿ ಹಾರಿಸಬಹುದು. ವಾಲ್ವ್ ತೆಗೆದಿಟ್ಟು, ಕುಂಬಾರ ಹುಳದ ಮಣ್ಣು, ಜಿರಳೆ ಹಿಕ್ಕೆ, ಇಲಿ ಗೂಡು ಬ್ರಶ್ಶಿನಿಂದ ತೆಗೆಯಿರಿ. ಷಾಸಿಯನ್ನು (ಬಿಡಿಭಾಗಗಳು ಕೂತ ಲೋಹದ ಚೌಕಟ್ಟು) ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, 40 ವ್ಯಾಟ್ ಫಿಲಮೆಂಟ್ ಬಲ್ಬನ್ನು ರಟ್ಟಿಗೆ ತಾಗದಂತೆ ಉರಿಸಿ ಎರಡು ದಿನ ಬೆಚ್ಚಗಿಡಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬಲ್ಬ್ ಆರಿಸಿ. ಬಳಿಕ ತೋಟದ ಮೋಟಾರು ನೋಡುವ ಎಲೆಕ್ಟ್ರಿಷಿಯನ್ ಬಳಿಯಿರುವ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ತರಿಸಿ. ಮೈನ್ಸ್ ಬದಿಯ ಕೆಪಾಸಿಟರ್ ಬಿಚ್ಚಿಟ್ಟು, ಪ್ರೈಮರಿಗೂ ಷಾಸಿಗೂ ನಡುವೆ ಅಳೆಯಿರಿ. 20 ಮೆಗಾಓಮ್‌ಗಿಂತ ಕೆಳಗಿದ್ದರೆ ಇನ್ನೆರಡು ದಿನ ಒಣಗಿಸಿ. ಆಗಲೂ ಏರದಿದ್ದರೆ ಆ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಡಬೇಡಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಓಮ್ ಮೀಟರಿನಲ್ಲಿ ನೋಡಿದರೆ ಸಾಕು. ನಡುವಿನ ತಂತಿಯಿಂದ ಎರಡೂ ಔಟ್‌ಪುಟ್ ವಾಲ್ವುಗಳ ಆನೋಡಿಗೆ (ಒಳತಗಡಿಗೆ) ಹೆಚ್ಚುಕಡಿಮೆ ಒಂದೇ ಸಮ ಓದು ಬರಬೇಕು, ಚೂರು ವ್ಯತ್ಯಾಸ ಸಹಜ. ಒಂದು ಬದಿ ಪೂರ್ತಿ ತೆರೆದಿದ್ದರೆ ಉಪ್ಪುಗಾಳಿ ಕೂದಲೆಳೆಯ ತಾಮ್ರವನ್ನು ತಿಂದಿರಬಹುದು. ಹೆಚ್ಚಾಗಿ ತುಂಡಾಗುವುದು ಹೊರತಂತಿಯ ಬೆಸುಗೆಯ ಬುಡದಲ್ಲಿ, ಅಲ್ಲಿ ಹಸಿರು ಕಿಲುಬು ಕಂಡರೆ ಇನ್ನೂ ಆಸೆ ಇದೆ.

ಮೊದಲ ಸಲ ಕರೆಂಟು ಕೊಡುವಾಗ ವಾಲ್ವ್ ಹಾಕದೆ, ಸರಣಿಯಲ್ಲಿ 60 ವ್ಯಾಟ್ ಫಿಲಮೆಂಟ್ ಬಲ್ಬ್ ಇರಲಿ. ಎಲ್‌ಇಡಿ ಬಲ್ಬ್ ಇದಕ್ಕಾಗದು. ಫಕ್ಕನೆ ಬೆಳಗಿ ಮಂಕಾದರೆ ಸರಿ, ಬೆಳಗಿಯೇ ಉಳಿದರೆ ಎಲ್ಲೋ ಶಾರ್ಟ್ ಇದೆ.

ಗೋಡೆಯ ವೋಲ್ಟೇಜೇ ದೊಡ್ಡ ಶತ್ರು

ಇದನ್ನು ಅಳೆಯುವವರು ಕಡಿಮೆ, ಇದರಿಂದ ಸತ್ತ ಸೆಟ್ಟುಗಳು ಹೆಚ್ಚು. ತೋಟಕ್ಕೆ ನೀರು ಬಿಡುವ ಬೇಸಿಗೆಯಲ್ಲಿ ಇಳಿಯುವ ವೋಲ್ಟೇಜು, ಪಂಪ್‌ಸೆಟ್ ನಿಂತ ಮಳೆಗಾಲದ ರಾತ್ರಿ ಏರುತ್ತದೆ. ಒಂದು ವಾರ ಬೆಳಿಗ್ಗೆ, ಸಂಜೆ, ರಾತ್ರಿ ಬರೆದಿಡಿ. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ಮೈನ್ಸ್ ವೋಲ್ಟೇಜಿಗೆ ತಕ್ಕ ತುದಿ) 220ಕ್ಕಿದ್ದು ಗೋಡೆಯಲ್ಲಿ 245 ಬರುತ್ತಿದ್ದರೆ ವಾಲ್ವ್ ಕಾಯಿಸುವ 6.3 ವೋಲ್ಟಿನ ಹೀಟರಿಗೆ 7 ವೋಲ್ಟ್ ಬಡಿಯುತ್ತದೆ, ಹೈಟೆನ್ಶನ್ (ಒಳಗಿನ ಹೆಚ್ಚು ವೋಲ್ಟಿನ ಡಿಸಿ) ಕೂಡ ಶೇಕಡಾ 11ರಷ್ಟು ಏರುತ್ತದೆ. 230 ಅಥವಾ 240ರ ಟ್ಯಾಪ್ ಇದ್ದರೆ ಅದಕ್ಕೆ ಬದಲಿಸಿ, ಖರ್ಚಿಲ್ಲದೆ ಕೆಲಸ ಮುಗಿಯಿತು.

ಇಲ್ಲದಿದ್ದರೆ 12-0-12, 1 ಆಂಪಿಯರಿನ ಸಾದಾ ಟ್ರಾನ್ಸ್‌ಫಾರ್ಮರ್ ತನ್ನಿ. ಅದರ ಪ್ರೈಮರಿ ಮೈನ್ಸಿಗೆ, ಎರಡೂ ತುದಿಗಳ ನಡುವಿನ 24 ವೋಲ್ಟು ಫೇಸ್ ತಂತಿಯಲ್ಲಿ ಸರಣಿಯಾಗಿ, ವಿರುದ್ಧ ದಿಕ್ಕಿನಲ್ಲಿ. ನಡುವಿನ ತಂತಿಗೆ ಇನ್ಸುಲೇಶನ್ ಹಾಕಿ ಹಾಗೇ ಬಿಡಿ. 245 ಹೋಗಿ 221 ಆಗುತ್ತದೆ, ಹೀಟರ್ 6.3ಕ್ಕೆ ಬಂದು ಕೂರುತ್ತದೆ. ದಿಕ್ಕು ತಪ್ಪಿದರೆ 269 ಆದೀತು! ಆದ್ದರಿಂದ ಆಂಪ್ಲಿಫೈಯರ್ ಜೋಡಿಸುವ ಮೊದಲು ಒಂದು ಬಲ್ಬ್ ಹಾಕಿ ಮೀಟರಿನಲ್ಲಿ ಅಳೆಯಿರಿ, ಹೆಚ್ಚು ಬಂದರೆ ಸೆಕೆಂಡರಿಯ ತುದಿಗಳನ್ನು ಅದಲುಬದಲು ಮಾಡಿ. ಎಲ್ಲವೂ ಅರ್ತ್ ಮಾಡಿದ ಲೋಹದ ಪೆಟ್ಟಿಗೆಯೊಳಗಿರಲಿ. ಹಗಲು 195, ರಾತ್ರಿ 250 ಎನ್ನುವ ಊರಾದರೆ ಇದು ನಡೆಯದು, ಸ್ಟೆಬಿಲೈಸರೇ ಬೇಕು.

ಇದೇ ಹೊತ್ತಿಗೆ ಎರಡೆಳೆಯ ಹಳೆಯ ಕೇಬಲ್ ತೆಗೆದು ಮೂರೆಳೆಯದನ್ನು ಹಾಕಿ, ಅರ್ತ್ ತಂತಿಯನ್ನು ಷಾಸಿಗೆ ಬೋಲ್ಟಿನಿಂದ ಬಿಗಿಯಿರಿ. ಮೈನ್ಸಿನಿಂದ ಷಾಸಿಗೆ ಹಾಕಿದ ಕಾಗದದ ಕೆಪಾಸಿಟರ್ ಇದ್ದರೆ ಕಿತ್ತೊಗೆಯಿರಿ. ಬೇಕೇ ಬೇಕೆಂದರೆ ವೈ2 ಎಂಬ ಸುರಕ್ಷತಾ ದರ್ಜೆಯದು ಮಾತ್ರ. ಎರಡು ಇಎಲ್84 ಇರುವ ಸೆಟ್ಟು 60 ವ್ಯಾಟ್ ಆಸುಪಾಸು ಎಳೆಯುತ್ತದೆ, ಅದಕ್ಕೆ 500 ಮಿಲಿಆಂಪಿಯರ್ ಸ್ಲೋ ಬ್ಲೋ ಫ್ಯೂಸ್ ಸಾಕು. ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದರೆ ಸೆಟ್ಟಿನ ಹಿಂದಿನ ಕಥೆ ಅಲ್ಲೇ ಗೊತ್ತಾಗುತ್ತದೆ.

ಕೆಪಾಸಿಟರ್: ಕೆಲವನ್ನು ಕಣ್ಣುಮುಚ್ಚಿ ಬದಲಿಸಿ

ಒಂದು ವಾಲ್ವಿನಿಂದ ಇನ್ನೊಂದಕ್ಕೆ ದನಿ ದಾಟಿಸಿ ಡಿಸಿ ತಡೆಯುವ, ಮೇಣದ, ಕಾಗದದ ಕಪ್ಲಿಂಗ್ ಕೆಪಾಸಿಟರನ್ನು (ಹಳಬರ ಬಾಯಲ್ಲಿ ಕಂಡೆನ್ಸರ್) ಪರೀಕ್ಷಿಸುತ್ತ ಕೂರಬೇಕಿಲ್ಲ. ಅವು ತೇವ ಹೀರಿ ಸೋರುತ್ತವೆ. ಸೋರಿದರೆ ಆಗುವುದೇನು? ಹಿಂದಿನ ವಾಲ್ವಿನ ಆನೋಡಿನಲ್ಲಿ 250 ವೋಲ್ಟ್, ಕೆಪಾಸಿಟರಿನ ಸೋರಿಕೆ 50 ಮೆಗಾಓಮ್, ಔಟ್‌ಪುಟ್ ವಾಲ್ವಿನ ಗ್ರಿಡ್ (ದನಿ ಒಳಬರುವ ತುದಿ) ರೆಸಿಸ್ಟರ್ 470 ಕಿಲೊಓಮ್ ಎಂದಿಟ್ಟುಕೊಳ್ಳಿ. ಸೊನ್ನೆ ಇರಬೇಕಾದ ಗ್ರಿಡ್ಡಿನಲ್ಲಿ 2.3 ವೋಲ್ಟ್ ಪಾಸಿಟಿವ್ ನಿಲ್ಲುತ್ತದೆ. 48 ಮಿಲಿಆಂಪಿಯರಿನಲ್ಲಿ ಓಡುವ ಒಂಟಿ ಇಎಲ್84ನ ಆನೋಡ್ ಸುಮಾರು 58ಕ್ಕೆ ಏರಿ 14 ವ್ಯಾಟ್ ಕಾಯುತ್ತದೆ, ಅದರ ಮಿತಿ 12. ವಾಲ್ವಿನ ಒಳತಗಡು ಕೆಂಪಗಾದದ್ದನ್ನು ಕಂಡು ಜನ ವಾಲ್ವ್ ಬದಲಿಸುತ್ತಾರೆ, ಹೊಸದೂ ಹಾಗೇ ಕೆಂಪಗಾಗುತ್ತದೆ. ಅಷ್ಟೇ ಮೈಕ್ರೊಫ್ಯಾರಡ್‌ನ 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, ಗ್ರಿಡ್ಡಿನಲ್ಲಿ ಸೊನ್ನೆ ಬಂತೇ ನೋಡಿ. ಬೇಸ್ ಹೆಚ್ಚಲೆಂದು 0.022 ಮೈಕ್ರೊಫ್ಯಾರಡ್‌ನ ಜಾಗದಲ್ಲಿ 0.22 ಹಾಕುವವರಿದ್ದಾರೆ, ಆ ತಗ್ಗು ದನಿಯ ಹೊರೆ ಬೀಳುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ.

ಫಿಲ್ಟರ್ ಕೆಪಾಸಿಟರ್ ಹೊಸದು, 105 ಡಿಗ್ರಿ ಶಾಖ ತಾಳುವುದು ಇರಲಿ. ಇಲ್ಲೂ ದೊಡ್ಡದು ಒಳ್ಳೆಯದೆಂಬ ಲೆಕ್ಕ ನಡೆಯುವುದಿಲ್ಲ. ಎಸಿಯನ್ನು ಡಿಸಿ ಮಾಡುವ ಇಝಡ್81 ರೆಕ್ಟಿಫೈಯರ್ ವಾಲ್ವಿನ ಮುಂದೆ 50 ಮೈಕ್ರೊಫ್ಯಾರಡ್‌ಗಿಂತ ಹೆಚ್ಚು ಹಾಕುವಂತಿಲ್ಲ. 32 ಇದ್ದಲ್ಲಿ 33 ಹಾಕಿ. ಗುಂಯ್‌ಗುಡುವುದು ತಗ್ಗಬೇಕೆಂದರೆ ಎರಡನೆಯ, ಮೂರನೆಯ ಕೆಪಾಸಿಟರನ್ನು 47ಕ್ಕೆ ಏರಿಸಿ. ಪವರ್ ಟ್ರಾನ್ಸ್‌ಫಾರ್ಮರ್ 350-0-350 (ನಡುವಿನ ತಂತಿಯಿಂದ ಎರಡೂ ಬದಿಗೆ 350 ವೋಲ್ಟ್) ಆದರೆ ಹೊರೆಯಿಲ್ಲದಾಗ 495 ವೋಲ್ಟಿನವರೆಗೂ ಏರೀತು. ಅಂಗಡಿಯವರು ಕೊಡುವ 450 ವೋಲ್ಟಿನದು ಅಲ್ಲಿ ಸಾಲದು, ಎರಡನ್ನು ಸರಣಿಯಲ್ಲಿ ಹಾಕಿ ಒಂದೊಂದಕ್ಕೂ 220 ಕಿಲೊಓಮ್, 1 ವ್ಯಾಟ್ ರೆಸಿಸ್ಟರ್ ಅಡ್ಡ ಕೊಡಿ. ಸರಣಿಯಲ್ಲಿ ಮೈಕ್ರೊಫ್ಯಾರಡ್ ಅರ್ಧವಾಗುತ್ತದೆ, ಲೆಕ್ಕದಲ್ಲಿರಲಿ. ಹುಬ್ಬಳ್ಳಿಯಲ್ಲಿ ಸಿಗದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕೀತು.

ವಾಲ್ವಿನ ಕ್ಯಾಥೋಡಿಗೆ (ಇಲೆಕ್ಟ್ರಾನ್ ಹೊರಬಿಡುವ ತುದಿ) ಕಟ್ಟಿದ 25 ಮೈಕ್ರೊಫ್ಯಾರಡ್ ಕೆಪಾಸಿಟರುಗಳೂ ಒಣಗಿರುತ್ತವೆ, ಬದಲಿಸಿ. ಹಳೆಯ ಕಾರ್ಬನ್ ರೆಸಿಸ್ಟರುಗಳ ಓಮ್ ವರ್ಷ ಕಳೆದಂತೆ ಏರಿರುತ್ತದೆ. ಶೇಕಡಾ 20 ದಾಟಿದ್ದನ್ನು ತೆಗೆಯಿರಿ, ಉಳಿದದ್ದು ಇರಲಿ.

ಕರಾವಳಿಗೆ ಬೇಕಾದ ಒಂದು ಖರ್ಚು

ಬೇರೆ ಊರಿನವರಿಗೆ ಶೋಕಿ ಅನ್ನಿಸುವ, ವಾಲ್ವ್ ಕೂರುವ ಸೆರಾಮಿಕ್ ಸಾಕೆಟ್ ಕಾರವಾರದಲ್ಲಿ ಶೋಕಿಯಲ್ಲ. ಇಸಿಸಿ83ರಲ್ಲಿ ಆನೋಡ್ 1ನೇ ಪಿನ್ನು, ಗ್ರಿಡ್ 2ನೆಯದು. ಹಳೆಯ ಕಂದು ಹಾಳೆಯ ಸಾಕೆಟ್ಟಿನಲ್ಲಿ ಇವೆರಡರ ನಡುವೆ ಉಪ್ಪು, ಧೂಳು, ತೇವ ಸೇರಿ ದಾರಿಯಾಗುತ್ತದೆ, ಸ್ಪೀಕರಿನಲ್ಲಿ ಬಾಣಲೆಗೆ ಸಾಸಿವೆ ಬಿದ್ದಂತೆ ಚಟಪಟ. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಉಜ್ಜಿ ನೋಡಿ. ಮುಂದಿನ ಮಳೆಗೆ ಮತ್ತೆ ಬಂದರೆ ಸಾಕೆಟ್ ಬದಲಿಸಿ. ಶಿರಸಿಯ ಮನೆಗೆ ಉಜ್ಜಿದರೆ ಸಾಕಾಗಬಹುದು.

ರೆಕ್ಟಿಫೈಯರ್ ವಾಲ್ವ್ ತೆಗೆದು ಸಿಲಿಕಾನ್ ಡಯೋಡ್ ಹಾಕುವುದು ಸುಲಭ. ಆದರೆ ಹೈಟೆನ್ಶನ್ ಏರುತ್ತದೆ, ಅದೂ ಉಳಿದ ವಾಲ್ವ್ ಕಾಯುವ ಮೊದಲೇ ಬಂದು ನಿಲ್ಲುತ್ತದೆ. ವಾಲ್ವ್ ಇರಲಿ, ಅದರ ಒಂದೊಂದು ಆನೋಡಿಗೂ ಸರಣಿಯಲ್ಲಿ 1ಎನ್4007 ಡಯೋಡ್ ಹಾಕಿ, ಅದರ ಮೇಲಿನ ಬೆಳ್ಳಿಗೆರೆ ವಾಲ್ವಿನ ಕಡೆಗೆ. 350-0-350 ಆದರೆ ಎರಡೆರಡು. ನಾಳೆ ವಾಲ್ವ್ ಒಳಗೇ ಶಾರ್ಟ್ ಆದರೂ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. 6ಎಲ್6 ಔಟ್‌ಪುಟ್ ವಾಲ್ವ್ ತೆಗೆದು ಇಎಲ್34 ಹಾಕುವ ಉಮೇದೂ ಬೇಡ: ಹೀಟರ್ 0.9 ಆಂಪಿಯರಿನಿಂದ 1.5ಕ್ಕೆ ಹೋಗುತ್ತದೆ, ಜೋಡಿಗೆ 1.2 ಆಂಪಿಯರ್ ಹೆಚ್ಚುವರಿ ಹೊರೆ.

ಸ್ಪೀಕರ್ ಕಳಚಿ ದನಿ ಏರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೆ ಕಿಡಿ ಹಾರುತ್ತದೆ. 16 ಓಮ್ ತುದಿಗೆ 220 ಓಮ್, 5 ವ್ಯಾಟ್ ರೆಸಿಸ್ಟರ್ ಕಾಯಂ ಬೆಸೆದಿಡಿ. ಅದನ್ನೇ ತಪ್ಪಿ 100 ವೋಲ್ಟ್ ಲೈನಿಗೆ (ದೂರದ ಸ್ಪೀಕರುಗಳಿಗೆ ಹೋಗುವ ತುದಿ) ಹಾಕಿದರೆ 45 ವ್ಯಾಟ್ ಕಾಯ್ದು ಹೊಗೆಯಾದೀತು. 16 ಓಮಿನ ಎರಡು ಹಾರ್ನ್ ಸಮಾಂತರ ಕಟ್ಟಿದರೆ 8 ಓಮ್ ತುದಿ ಬಳಸಿ.

ಫೋನಿನಿಂದ ಹಾಡು ಹಾಕುವುದಾದರೆ ಎಡ, ಬಲ ತಂತಿಗಳನ್ನು ನೇರ ಗಂಟು ಹಾಕಬೇಡಿ, ಒಂದೊಂದರಲ್ಲಿ 4.7 ಕಿಲೊಓಮ್ ಸೇರಿಸಿ ಆಮೇಲೆ ಕೂಡಿಸಿ. ಹಳೆಯ ಪಿಕಪ್ (ಗ್ರಾಮಫೋನ್) ಇನ್‌ಪುಟ್ಟೇ ಇದಕ್ಕೆ ಸಾಕು, ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ದನಿ ಒಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಸ್ಪೀಕರ್ ಜೋಡಿಸಿಯೇ, ಅರ್ಧ ಗಂಟೆ ಚಾಲೂ ಇಡಿ. ಪ್ಲಾಸ್ಟಿಕ್ ಹೊದೆಸಿದರೆ ತೇವ ಒಳಗೇ ನಿಲ್ಲುತ್ತದೆ. ಹಳೆಯ ಹತ್ತಿಯ ಪಂಚೆ ಹೊದೆಸಿ, ಸೆಟ್ಟು ಪೂರ್ತಿ ತಣಿದ ಮೇಲೆ.