ಪ್ಯಾಕೆಟ್ ಕಟ್ಟಿ, ಹೇಳಿದ ವೇಗದಲ್ಲಿ ಕಳುಹಿಸುವುದು ಹೇಗೆ?

ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೆಟ್‌ವರ್ಕ್ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳಿಗೆ ಪೈಥಾನ್‌ನ ಸ್ಕೇಪಿ ಲೈಬ್ರರಿ ಇದ್ದರೆ ಪ್ಯಾಕೆಟ್ (ನೆಟ್‌ವರ್ಕ್‌ನಲ್ಲಿ ಸಾಗುವ ದತ್ತಾಂಶದ ತುಣುಕು) ಕಟ್ಟುವುದು ಕಷ್ಟವಲ್ಲ. ಅದನ್ನು ಅಂದುಕೊಂಡ ವೇಗದಲ್ಲಿಯೇ ಕಳುಹಿಸುವಾಗ ಮಾತ್ರ ಲೆಕ್ಕ ಕೈಕೊಡುತ್ತದೆ.

ಈ ಪ್ರಯೋಗವನ್ನು ಎಲ್ಲರೂ ಬಳಸುವ ಕಾಲೇಜಿನ ಲ್ಯಾನ್‌ನಲ್ಲಿ ಖಂಡಿತ ಮಾಡಬಾರದು. ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಯಿಂದ ಒಂದು ಲ್ಯಾನ್ ಕೇಬಲ್ ತಂದು ಎರಡು ಲ್ಯಾಪ್‌ಟಾಪ್‌ಗಳನ್ನು ನೇರವಾಗಿ ಜೋಡಿಸಿ, ವೈಫೈ ಆರಿಸಿ, ಒಂದಕ್ಕೆ 198.18.0.1, ಇನ್ನೊಂದಕ್ಕೆ 198.18.0.2 ಎಂಬ ವಿಳಾಸ ಕೊಡಿ. 198.18ರ ಈ ವಿಳಾಸಗಳು ಇಂತಹ ಅಳತೆಗೆಂದೇ ಮೀಸಲಾದವು. ಲಿನಕ್ಸ್‌ನಲ್ಲಿ ರಾ ಸಾಕೆಟ್ (ನಾವೇ ಕಟ್ಟಿದ ಪ್ಯಾಕೆಟ್ಟನ್ನು ಹೆಡರ್ ಸಮೇತ ಕಳುಹಿಸುವ ದಾರಿ) ತೆರೆಯಲು ವಿಶೇಷ ಅಧಿಕಾರ ಬೇಕಾಗುವುದರಿಂದ ಪ್ರೋಗ್ರಾಮನ್ನು ಆ ಅಧಿಕಾರ ಕೊಡುವ ಸುಡೊ ಆದೇಶದ ಮೂಲಕ ನಡೆಸಿ.

ಈಗ ಈಥರ್ನೆಟ್, ಐಪಿ, ಯುಡಿಪಿ ಪದರಗಳನ್ನು ಇದೇ ಕ್ರಮದಲ್ಲಿ ಜೋಡಿಸಿ, ಕೊನೆಗೆ 100 ಬೈಟ್ ದತ್ತಾಂಶ ಇಡಿ. ಪ್ರತಿ ಪದರವೂ ದತ್ತಾಂಶದ ಮುಂದೆ ಹೆಡರ್ ಎಂಬ ಮಾಹಿತಿ ಸೇರಿಸುತ್ತದೆ: ಯುಡಿಪಿ ಹೆಡರ್ 8, ಐಪಿ ಹೆಡರ್ 20, ಈಥರ್ನೆಟ್ ಹೆಡರ್ 14 ಬೈಟ್ ಸೇರಿ 142 ಆಗುತ್ತದೆ. ಉದ್ದ, ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿದೆಯೇ ಎಂದು ತಿಳಿಸುವ ಸಂಖ್ಯೆ) ಇವುಗಳನ್ನು ಖಾಲಿ ಬಿಟ್ಟರೆ ಸ್ಕೇಪಿಯೇ ತುಂಬುತ್ತದೆ. ಆದರೆ ಮೊದಲೇ ಹಿಡಿದಿಟ್ಟ ಪ್ಯಾಕೆಟ್‌ನ ವಿಳಾಸ ಬದಲಿಸಿದಾಗ ಹಳೆಯ ಚೆಕ್‌ಸಮ್ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಐಪಿ ಮತ್ತು ಯುಡಿಪಿ ಎರಡರಲ್ಲೂ ಅದನ್ನು ಅಳಿಸಿ ಕಳುಹಿಸಬೇಕು.

ಸೆಕೆಂಡಿಗೆ 1000 ಪ್ಯಾಕೆಟ್ ಬೇಕೆಂದು, ಪ್ರತಿ ಪ್ಯಾಕೆಟ್ ಆದ ಮೇಲೆ 1 ಮಿಲಿಸೆಕೆಂಡ್ ನಿಲ್ಲುವಂತೆ ಬರೆಯುವವರೇ ಹೆಚ್ಚು. ಸ್ಕೇಪಿಯ ಸೆಂಡ್‌ಪಿ ಫಂಕ್ಷನ್ನಿನ ಇಂಟರ್ ಎಂಬ ಆಯ್ಕೆಯೂ ಇದನ್ನೇ ಮಾಡುತ್ತದೆ. ಆದರೆ ಕಳುಹಿಸುವುದಕ್ಕೇ 0.3 ಮಿಲಿಸೆಕೆಂಡ್ ಹಿಡಿದರೆ ಒಂದು ಸುತ್ತಿಗೆ 1.3 ಮಿಲಿಸೆಕೆಂಡ್ ಆಗಿ, ವೇಗ ಸುಮಾರು 769ಕ್ಕೆ ಇಳಿಯುತ್ತದೆ. ಆದ್ದರಿಂದ ನಿಲ್ಲುವ ಅವಧಿಯನ್ನಲ್ಲ, ಹೊರಡಬೇಕಾದ ಹೊತ್ತನ್ನು ಲೆಕ್ಕ ಹಾಕಿ: ಆರಂಭದ ಹೊತ್ತನ್ನು ಎಂದೂ ಹಿಂದಕ್ಕೆ ಹೋಗದ ಮಾನೊಟಾನಿಕ್ ಗಡಿಯಾರದಿಂದ ಗುರುತಿಸಿಕೊಂಡು, ಅದಕ್ಕೆ ಪ್ಯಾಕೆಟ್‌ನ ಕ್ರಮಸಂಖ್ಯೆಯಷ್ಟು ಮಿಲಿಸೆಕೆಂಡ್‌ಗಳನ್ನು ಕೂಡಿಸಿ, ಆ ಕ್ಷಣ ಬರುವವರೆಗೆ ಮಾತ್ರ ಕಾಯಿರಿ. ಒಂದು ಪ್ಯಾಕೆಟ್ ತಡವಾದರೂ ಮುಂದಿನ ಕಾಯುವಿಕೆ ತಾನಾಗಿಯೇ ಚಿಕ್ಕದಾಗಿ ಸರಾಸರಿ ಉಳಿಯುತ್ತದೆ. ಇದರ ಜೊತೆಗೆ ಪ್ಯಾಕೆಟ್ಟನ್ನು ಲೂಪಿನ ಹೊರಗೇ ಬೈಟ್‌ಗಳಾಗಿ ಮಾಡಿಟ್ಟುಕೊಳ್ಳಿ, ಸಾಕೆಟ್ಟನ್ನೂ ಒಮ್ಮೆ ಮಾತ್ರ ತೆರೆಯಿರಿ; ಲೂಪಿನೊಳಗೆ ಪದೇ ಪದೇ ಸೆಂಡ್‌ಪಿ ಕರೆದರೆ ಪ್ರತಿ ಸಲವೂ ಹೊಸ ಸಾಕೆಟ್ ತೆರೆದುಕೊಳ್ಳುತ್ತದೆ. ಇದಕ್ಕೂ ಹೆಚ್ಚಿನ ವೇಗ ಬೇಕಿದ್ದರೆ ಟಿಸಿಪಿರಿಪ್ಲೇ ಎಂಬ ಪ್ಯಾಕೆಟ್ ಕಳುಹಿಸುವ ಉಪಕರಣವನ್ನು ಬಳಸುವ ಸೆಂಡ್‌ಪಿಫಾಸ್ಟ್ ಇದೆ.

ತಂತಿಯ ಮಿತಿಯನ್ನೂ ಮರೆಯುವಂತಿಲ್ಲ. 142 ಬೈಟ್‌ಗಳಿಗೆ ಕೊನೆಯ ಪರೀಕ್ಷಾ ಸಂಕೇತ 4, ಮೊದಲು ಹೋಗುವ ಪ್ರಿಆಂಬಲ್ 8, ಎರಡು ಫ್ರೇಮ್‌ಗಳ (ತಂತಿಯಲ್ಲಿ ಸಾಗುವ ಈಥರ್ನೆಟ್ ಪ್ಯಾಕೆಟ್‌ಗಳ) ನಡುವಿನ ಬಿಡುವು 12 ಬೈಟ್ ಸೇರಿದರೆ 166 ಬೈಟ್, ಅಂದರೆ 1328 ಬಿಟ್. 100 ಎಂಬಿಪಿಎಸ್ (ಸೆಕೆಂಡಿಗೆ 10 ಕೋಟಿ ಬಿಟ್) ಸಂಪರ್ಕದಲ್ಲಿ ಸೆಕೆಂಡಿಗೆ 75,301ಕ್ಕಿಂತ ಹೆಚ್ಚು ಇಂತಹ ಪ್ಯಾಕೆಟ್‌ಗಳು ಹೋಗಲಾರವು. ಪ್ರೋಗ್ರಾಮಿನಲ್ಲಿ ಎಷ್ಟೇ ದೊಡ್ಡ ಅಂಕಿ ಬರೆದರೂ ಇದು ಬದಲಾಗದು.

ಕಳುಹಿಸಿದ ಲ್ಯಾಪ್‌ಟಾಪ್‌ನ ಎಣಿಕೆಯನ್ನೇ ಫಲಿತಾಂಶವೆಂದು ವರದಿಯಲ್ಲಿ ಬರೆಯುವುದು ಸರಿಯಲ್ಲ. ದತ್ತಾಂಶದ ಮೊದಲ 4 ಬೈಟ್‌ಗಳಲ್ಲಿ ಕ್ರಮಸಂಖ್ಯೆ ಇಡಿ. ಪ್ರತಿ ಸಲ ಸಂಖ್ಯೆ ಬದಲಾಗುವುದರಿಂದ ಯುಡಿಪಿ ಚೆಕ್‌ಸಮ್ಮನ್ನೂ ಹೊಸದಾಗಿ ಲೆಕ್ಕ ಹಾಕಬೇಕು, ಇಲ್ಲವೇ ಐಪಿವಿ4ನಲ್ಲಿ ಅನುಮತಿ ಇರುವಂತೆ ಅದನ್ನು ಸೊನ್ನೆ ಮಾಡಬೇಕು. ಆಮೇಲೆ ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್ ಓಡಿಸಿದರೆ, ಬಂದ ಪ್ಯಾಕೆಟ್‌ಗಳ ನಡುವಿನ ಅಂತರವೂ ದಾರಿಯಲ್ಲಿ ಕಳೆದುಹೋದ ಸಂಖ್ಯೆಗಳೂ ಕಾಣಸಿಗುತ್ತವೆ.